ಗೌಡ್ರ ಹೆಂಡತಿಯ ಮೀಸೆ

ಗೌರೀಶನಿಗೆ ಆ ಭಾನುವಾರ ಒದಗಿದ ಫಜೀತಿಗೆಲ್ಲ ಮೂಲ ಕಾರಣ ಒಂದೇ. ಮೂರು ತಿಂಗಳಿಂದ ಅವನು ಖಾನಾಪುರದ ಭರಮಪ್ಪನ ಹೆಂಡತಿಯಾಗಿದ್ದ.

ಗಾಬರಿಯಾಗಬೇಡಿ. ನಮ್ಮ ಕಡೆ ಊರವರು ನಾಟಕವಾಡುವ ಪದ್ಧತಿಯೇ ಹಾಗೆ. ಗಂಡು ಪಾತ್ರಗಳನ್ನು ಊರವರು ತಮ್ಮತಮ್ಮಲ್ಲಿ ಹಂಚಿಕೊಂಡು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ನಾಯಕಿಯ ಪಾತ್ರಕ್ಕೆ ಹೊರಗಿನಿಂದ ವೃತ್ತಿನಟಿಯನ್ನು ಕರೆಸುತ್ತಾರೆ. ಆಕೆ ಬರುವುದು ನಾಟಕದ ದಿನವೇ. ಅಲ್ಲಿಯವರೆಗೆ ಆಕೆಯ ಮಾತುಗಳನ್ನು ಆಡಬೇಕಾದವರು ನಾಟಕ ಕಲಿಸುವ ಮಾಸ್ತರು. ಹೀಗಾಗಿ ನಲವತ್ತೈದು ದಾಟಿದ, ತುಂಬು ಮೀಸೆಯ ಗೌರೀಶ ಕಾಕತಿಯಲ್ಲಿ ತಂಗಿಯಾಗಿ, ನಂದಗಡದಲ್ಲಿ ತಾಯಿಯಾಗಿ, ಬೈಲಹೊಂಗಲದಲ್ಲಿ ವಿಧವೆಯಾಗಿ ಅತ್ತು ಬಂದಿದ್ದ. ಖಾನಾಪುರದಲ್ಲಿ ಗೌಡನ ಹೆಂಡತಿಯಾಗುವ ಯೋಗ ಬಂದಿತ್ತು.

ಮಾಸ್ತರ ಎಂದು ಕರೆಸಿಕೊಳ್ಳುವುದು ಮಾತ್ರ ಅವನಿಗೆ ಸೇರುತ್ತಿರಲಿಲ್ಲ. ಬೆಳಗಾವಿಯ ಖಾಸಬಾಗದ ತನ್ನ ಮನೆಯ ಬಾಗಿಲಿಗೆ ‘ಗೌರೀಶ, ಸ್ವತಂತ್ರ ರಂಗ ನಿರ್ದೇಶಕ’ ಎಂಬ ಹಿತ್ತಾಳೆ ಫಲಕ ಹಾಕಿಸಿದ್ದ. ಪಕ್ಕದ ಮನೆಯ ಕುಂದಾಬಾಯಿ ಅದನ್ನು ಓದಿ, “ಸ್ವತಂತ್ರ ಅಂದ್ರ ಕೆಲಸ ಇಲ್ಲ ಅಂತ ಹೌದಲ್ರಿ ಗೌರೀಶರಾವ?” ಎಂದು ಮುಗ್ಧವಾಗಿ ಕೇಳಿದ್ದರು. ಇಪ್ಪತ್ತು ವರ್ಷಗಳ ದುಡಿಮೆಯಲ್ಲಿ ಅವನು ಗಳಿಸಿದ್ದು ಬಹಳಷ್ಟು ಸನ್ಮಾನದ ಶಾಲುಗಳನ್ನು. ಅವುಗಳಲ್ಲಿ ಕೆಲವು ಕಿಟಕಿಗೆ ಪರದೆಯಾಗಿದ್ದವು, ಒಂದು ಮಿಕ್ಸರಿನ ಮುಸುಕಾಗಿತ್ತು. ಉಳಿದವು ಟ್ರಂಕಿನಲ್ಲಿ ಡಾಂಬರುಗುಳಿಗೆಯ ವಾಸನೆ ಕುಡಿಯುತ್ತ ಮಲಗಿದ್ದವು.

ಮನೆ ನಡೆಯುತ್ತಿದ್ದದ್ದು ಹೆಂಡತಿ ಪೂರ್ಣಿಮಾಳಿಂದ. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗಳು ಸಮೃದ್ಧಿ ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಗಂಡನ ನಾಟಕವನ್ನು ಪೂರ್ಣಿಮಾ ಈವರೆಗೆ ಒಂದೂ ನೋಡಿರಲಿಲ್ಲ. ನಾಟಕಗಳು ನಡೆಯುತ್ತಿದ್ದದ್ದು ಹಳ್ಳಿಗಳಲ್ಲಿ, ಬೆಳಗಿನ ತನಕ. ಇವಳಿಗೋ ಬೆಳಗಾದರೆ ಶಾಲೆ. ಈ ಸಲ ಮಾತ್ರ ಲೋಂಡಾ ಕಡೆಯ ಕಾಡಿನಿಂದ ಒಂದು ಆನೆ ಭತ್ತದ ಗದ್ದೆಗೆ ಬಂದುಹೋಗಿದ್ದರಿಂದ, ಕತ್ತಲಾದ ಮೇಲೆ ಜನ ಸೇರಿಸಬೇಡಿ ಎಂದು ಅರಣ್ಯ ಇಲಾಖೆಯವರು ಖಾನಾಪುರದವರಿಗೆ ಹೇಳಿದ್ದರು. ಹೀಗೆ ಆನೆಯ ಕೃಪೆಯಿಂದ ನಾಟಕ ಹಗಲಿಗೆ ಬಂತು, ಪೂರ್ಣಿಮಾ ನೋಡಲು ಹೊರಡುವಂತಾಯಿತು.

ಹೊರಡುವ ಮೊದಲು ಅವಳು ಒಂದು ಕರಾರು ಹಾಕಿದ್ದಳು. ಬೆಳಗಾವಿಯ ದೊಡ್ಡ ರಂಗಮಂದಿರದಲ್ಲಿ ಹಳೇ ಕಂಪನಿ ಪದ್ಧತಿಯ ನಾಟಕವೊಂದನ್ನು ಆಡಿಸಲು ಹೊರಟಿದ್ದ ಕಲಾಸಂಸ್ಥೆಯೊಂದರ ಮಧುಕರರಾಯರು, ನಿರ್ದೇಶಕನನ್ನು ಹುಡುಕುತ್ತ, ಗೌರೀಶನ ಕೆಲಸ ನೋಡಲು ಇವತ್ತು ಖಾನಾಪುರಕ್ಕೆ ಬರುವವರಿದ್ದರು. ಅವರು ಒಪ್ಪಿದರೆ ಸರಿ. ಇಲ್ಲದಿದ್ದರೆ ಸೋಮವಾರದಿಂದ ಗೌರೀಶ ತನ್ನ ಭಾವಮೈದುನ ರೋಹನನ ಸ್ಟೀಲ್ ಪಾತ್ರೆಯ ಅಂಗಡಿಯಲ್ಲಿ ಕೂಡಬೇಕು.

“ರೋಹನ ನಿಮಗಂತ ಖುರ್ಚಿ ತಂದಿಟ್ಟಾನ, ತಿರಗೂ ಖುರ್ಚಿ,” ಎಂದಳು ಪೂರ್ಣಿಮಾ ಬೆಳಿಗ್ಗೆ ಚಹಾ ಇಡುತ್ತ.

ಗೌರೀಶ ಕನ್ನಡಿಯ ಮುಂದೆ ಮೀಸೆ ತಿದ್ದುತ್ತಿದ್ದ. ನಿರ್ದೇಶಕನಿಗೆ ಮೀಸೆಯೇ ಅರ್ಧ ಕೆಲಸ ಮಾಡುತ್ತದೆ ಎಂಬುದು ಅವನ ನಂಬಿಕೆ.

“ನಿನ್ನಿ ಸಂಜೀಕ ಬಿಸಿ ರೊಟ್ಟಿ ಮಾಡಿ ಕುಂತಿದ್ದೆ. ನೀವು ಬರೂದ್ರಾಗ ಆರಿ, ಒಣಗಿ ಕಟಕ್ ಆದವು. ಕಟಕ್ ರೊಟ್ಟಿ ನನಗ ಸೇರತೈತಿ ಅಂತ ತಿನ್ನೂದಿಲ್ಲ ನಾ. ನಿಮ್ಮ ದಾರಿ ನೋಡಿ ನೋಡಿ ಬಿಸಿ ರೊಟ್ಟಿ ರುಚೀನ ಮರತೀನಿ. ಕೇಳಸ್ತೇನು?”

“ಹೂಂ.”

“ಏನಂದೆ, ಹೇಳ್ರಿ ನೋಡೂಣು.”

“ಚಹಾ ಆರತೈತಿ ಅಂದಿ.”

ಪೂರ್ಣಿಮಾ ಹಣೆ ಚಚ್ಚಿಕೊಂಡಳು. “ಇಪ್ಪತ್ತ ವರ್ಷದಿಂದ ಗ್ವಾಡಿ ಜೋಡಿ ಮಾತಾಡೇನಿ. ಗ್ವಾಡಿಗೆ ಮೀಸಿ ಬ್ಯಾರೆ.”

ಗೋಡೆ ಚಹಾ ಕುಡಿದು, ಚೀಲ ಹೆಗಲಿಗೇರಿಸಿ ಖಾನಾಪುರದ ಬಸ್ಸು ಹತ್ತಿತು. ಪೂರ್ಣಿಮಾ ಬುತ್ತಿ ಕಟ್ಟಿಕೊಂಡು ಹಿಂದಿನಿಂದ ಬರುವವಳಿದ್ದಳು.

ನಾಟಕದ ಹೆಸರು ‘ಗೌಡ್ರು ಮನೀಗೆ ಬರಲಿಲ್ಲ’. ಊರೂರು ಅಲೆಯುವ ಗೌಡ, ಹೊಸ್ತಿಲಲ್ಲಿ ಕಾಯುವ ಹೆಂಡತಿ, ನಡುವೆ ಒಬ್ಬ ದುಷ್ಟ. ಗೌಡನ ಪಾತ್ರ ಭರಮಪ್ಪನದು. ಅಕ್ಕಿ ಗಿರಣಿಯ ಮಾಲೀಕ, ಕಣಜದಂಥ ದೇಹ, ಗಿರಣಿಯ ಸದ್ದಿಗೆ ಎದುರಾಗಿ ಮಾತಾಡಿ ಬೆಳೆದ ಗಂಟಲು. ದುಷ್ಟನ ಪಾತ್ರ ಬಸ್ ಸ್ಟ್ಯಾಂಡಿನ ಹತ್ತಿರ ಕಟಿಂಗ್ ಅಂಗಡಿ ಇಟ್ಟಿದ್ದ ಬಾಳಪ್ಪನದು. ಹಾರ್ಮೋನಿಯಂ ನುಡಿಸುವವನು ತಮ್ಮಣ್ಣ. ಲೋಂಡಾ ರಸ್ತೆಯ ಬಯಲಿನಲ್ಲಿ ಸ್ಟೇಜು ಸಿದ್ಧವಾಗಿತ್ತು.

ನಟಿ ನೀಲಾ ಬಸ್ಸಿನಲ್ಲೇ ಅರ್ಧ ಬಣ್ಣ ಹಚ್ಚಿಕೊಂಡು ಬಂದಿಳಿದಳು. ಈ ಕಡೆಯ ನಾಟಕಗಳೆಲ್ಲ ಬಾಯಿಪಾಠವಿದ್ದ, ಕೆಲಸ ಬಲ್ಲ ಹೆಂಗಸು. “ಗೌಡ್ರು ಬಂದದ್ದೊಂದು ಸೀನ್ ಮಾಡಿ ನೋಡೂಣ್ರಿ ಮಾಸ್ತರ, ಉಳಿದದ್ದು ನಾ ಸಂಭಾಳಸ್ತೀನಿ,” ಎಂದು ಸೆರಗು ಸಿಕ್ಕಿಸಿ ನಿಂತಳು.

ಭರಮಪ್ಪ ಗಾಂಭೀರ್ಯದಿಂದ ನಡೆದು ಬಂದ. ನೀಲಾ, “ನಾಥಾ! ಬಂದಿರಾ! ನನ್ನ ಜನ್ಮ ಪಾವನವಾಯಿತು!” ಎಂದು ದಢಾರನೆ ಅವನ ಪಾದಕ್ಕೆ ಬಿದ್ದಳು.

ಭರಮಪ್ಪ ಹಾವು ತುಳಿದವನಂತೆ ಹಿಂದಕ್ಕೆ ನೆಗೆದ. ಅವಳನ್ನು ನೋಡಿದ, ಗೌರೀಶನನ್ನು ನೋಡಿದ.

“ಮಾಸ್ತರ, ರೊಟ್ಟಿ ಎಲ್ಲಿ?”

“ಯಾವ ರೊಟ್ಟಿರಿ?” ಎಂದಳು ನೀಲಾ, ನೆಲದ ಮೇಲಿಂದಲೇ.

“ದಿನಾ ಇಲ್ಲೆ ರೊಟ್ಟಿ ಸುದ್ದಿ ಬರ್ತಿತ್ತು. ಅದನ್ನ ಕೇಳಿದ್ರ ನನಗ ಅಳು ಬರ್ತಿತ್ತು. ಅಳು ಬಂದ್ರ ನನ್ನ ಮಾತು ಬರ್ತಿತ್ತು. ಈಕಿ ಸೀದಾ ಕಾಲಿಗೇ ಬಿದ್ರ ನಾ ಏನ್ ಹೇಳ್ಲಿ, ಸಾವಕಾಶ ಏಳವ್ವಾ ಅನ್ನಲೇನು?”

ಆಗ ಗೌರೀಶನಿಗೆ ತನ್ನ ತಪ್ಪು ತಿಳಿಯಿತು. ಅಚ್ಚಾದ ಪುಸ್ತಕದಲ್ಲಿ ನಾಯಕಿಗೆ ಇದ್ದದ್ದು ನೀಲಾ ಹೇಳಿದ ಅಷ್ಟೇ ಮಾತು. ಮೊದಲ ವಾರ ಅವನೂ ಹಾಗೇ ಹೇಳಿದ್ದ. ಆಮೇಲಾಮೇಲೆ ‘ನಾಥಾ’ ಎನ್ನಲು ನಾಚಿಕೆಯಾಗಿ, ಬಾಯಿಗೆ ಬಂದದ್ದನ್ನು ಸೇರಿಸುತ್ತ ಹೋಗಿದ್ದ. ಆ ಮಾತುಗಳು ಎಲ್ಲಿಂದ ಬರುತ್ತಿದ್ದವು ಎಂದು ಅವನು ಯೋಚಿಸಿರಲಿಲ್ಲ. ಭರಮಪ್ಪ ಮಾತ್ರ ಅವಕ್ಕೇ ಹೊಂದಿಕೊಂಡು ಕಲಿತಿದ್ದ.

ಸರಿ, ಗೌರೀಶ ಆ ಮಾತುಗಳನ್ನು ನೀಲಾಗೆ ಹೇಳಿಕೊಟ್ಟ. ಆಕೆ ಚುರುಕು; ಒಂದೇ ಸಲಕ್ಕೆ ಹಿಡಿದಳು. ಆದರೂ ಭರಮಪ್ಪನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

“ಈಗೇನಾತ್ರಿ?”

“ಮಾರಿ ಬ್ಯಾರೆ ಐತ್ರಿ ಮಾಸ್ತರ. ಮೂರ ತಿಂಗಳ ಮೀಸಿ ನೋಡಿ ಸಂಸಾರ ಮಾಡೇನಿ. ಪರಾಯಿ ಹೆಣ್ಮಗಳ ಮುಂದ ಎದಿಯಾಗಿನ ಮಾತು ಹ್ಯಾಂಗ ಬರಬೇಕು?”

ನೀಲಾ ಸೋಲುವವಳಲ್ಲ. ಕಾಡಿಗೆ ತೆಗೆದು ತನಗೇ ಒಂದು ಮೀಸೆ ಬರೆದುಕೊಂಡು ಬಂದು, “ಈಗ ಹೇಳ್ರಿ,” ಎಂದಳು. ಭರಮಪ್ಪನಿಗೆ ನಗು ಬಂತು. ಬಂದದ್ದು ಹೋಗಲಿಲ್ಲ, ಹೊಟ್ಟೆ ಹಿಡಿದು ಕೂತುಬಿಟ್ಟ. ಮೀಸೆ ಒರೆಸಿಸಿ, ಗೌರೀಶ ತಾನೇ ಅವಳ ಬೆನ್ನ ಹಿಂದೆ ನಿಂತು, “ನನ್ನ ಮಾರಿ ನೋಡಿ ಮಾತಾಡ್ರಿ,” ಎಂದ. ಈ ಉಪಾಯ ಚೆನ್ನಾಗಿಯೇ ನಡೆಯಿತು. ಆದರೆ ಹೆಂಡತಿಯ ಕೈ ಹಿಡಿಯುವ ಗಳಿಗೆ ಬಂದಾಗ ಭರಮಪ್ಪ ನೀಲಾಳ ಹೆಗಲ ಮೇಲಿಂದ ಕೈ ಚಾಚಿ ಗೌರೀಶನ ಕೈಯನ್ನೇ ಗಟ್ಟಿಯಾಗಿ ಹಿಡಿದ.

“ಗೌಡಗ ಇಬ್ಬರು ಹೆಂಡ್ರಾದ್ರು,” ಎಂದ ತಮ್ಮಣ್ಣ, ಹಾರ್ಮೋನಿಯಂ ಮೇಲೆ ಒಂದು ಸ್ವರ ಒತ್ತಿ.

ನೀಲಾ ಸೆರಗು ಕೊಡವಿದಳು. “ಮಾಸ್ತರ, ಇದಕ್ಕ ಒಂದ ಹಾದಿ ಐತಿ. ನೀವ ಸೀರಿ ಉಡ್ರಿ.”

ಭರಮಪ್ಪನ ಮುಖ ಊರಿಗೆ ಕರೆಂಟು ಬಂದಂತೆ ಬೆಳಗಿತು.

“ಮತ್ತ ನೀನು?” ಎಂದ ಗೌರೀಶ ಸಂಕಟದಿಂದ.

“ಸಣ್ಣಾಕಿದ್ದಾಗಿಂದ ನಾಟಕ ಮಾಡೇನ್ರಿ, ಒಂದರ ನಾಟಕ ಮುಂದ ಕುಂತು ನೋಡಿಲ್ಲ. ಇವತ್ತ ಶೇಂಗಾ ತಿಂಕೋತ ನೋಡ್ತೀನಿ,” ಎಂದಳು ನೀಲಾ. ಅವಳ ದನಿಯಲ್ಲಿ ಕೋಪವಿರಲಿಲ್ಲ, ಆಸೆಯಿತ್ತು. ಗೌರೀಶನಿಗೆ ಇಲ್ಲವೆನ್ನಲು ಆಗಲಿಲ್ಲ.

ಉಳಿದದ್ದು ಮೀಸೆಯ ಪ್ರಶ್ನೆ. ರಾತ್ರಿಯ ನಾಟಕವಾಗಿದ್ದರೆ ಸೆರಗು ಮರೆಮಾಡಿ ಹೇಗೋ ಸಾಗಿಸಬಹುದಿತ್ತು. ಮಟಮಟ ಮಧ್ಯಾಹ್ನದಲ್ಲಿ ಗೌಡನಿಗಿಂತ ದೊಡ್ಡ ಮೀಸೆಯ ಹೆಂಡತಿಯನ್ನು ಊರು ಒಪ್ಪಲಾರದು. ಬಾಳಪ್ಪ ಆಗಲೇ ದುಷ್ಟನ ವೇಷದಲ್ಲಿದ್ದ. ಅದೇ ವೇಷದಲ್ಲಿ ಕತ್ತಿ ಮಸೆಯುತ್ತ ಬಂದು, “ಕುಂದರ್ರಿ ಮಾಸ್ತರ. ಭಾಳ ದಿನದಿಂದ ಕಣ್ಣಿಟ್ಟಿದ್ದೆ,” ಎಂದ. ಇಪ್ಪತ್ತು ವರ್ಷ ಸಾಕಿದ್ದು ಎರಡು ಎಳೆತಕ್ಕೆ ನೆಲಕ್ಕೆ ಬಿತ್ತು. ಗೌರೀಶ ಕಣ್ಣು ಮುಚ್ಚಿಕೊಂಡೇ ಇದ್ದ.

ಕಣ್ಣು ತೆರೆದಾಗ ಅವನಿಗೆ ನಿಜವಾದ ಭಯ ಹತ್ತಿತು. ಮಧುಕರರಾಯರು ಬರುತ್ತಿರುವುದು ನಿರ್ದೇಶಕನನ್ನು ನೋಡಲು. ನಿರ್ದೇಶಕ ಸೀರೆ ಉಟ್ಟು ಸ್ಟೇಜಿನ ಮೇಲಿದ್ದರೆ ಸ್ಟೇಜಿನ ಪಕ್ಕದ ಪರದೆಯ ಮರೆಯಲ್ಲಿ ನಿಂತು, ಯಾರು ಯಾವಾಗ ಒಳಗೆ ಹೋಗಬೇಕು, ಯಾರ ಮಾತು ಮರೆಯಿತು ಎಂದು ನೋಡಿಕೊಳ್ಳುವವರು ಯಾರು?

“ನನ್ನ ಎರಡೂ ಕೈ ಪೆಟ್ಟಿಗಿ ಮ್ಯಾಲ ಇರ್ತಾವು,” ಎಂದು ತಮ್ಮಣ್ಣ ಮೊದಲೇ ಹೇಳಿಬಿಟ್ಟ. ದುಷ್ಟನ ಕಡೆಯ ಸೈನಿಕರು ಕಿರೀಟ ಇಟ್ಟುಕೊಂಡು ಒಬ್ಬರ ಫೋಟೋ ಒಬ್ಬರು ತೆಗೆಯುತ್ತಿದ್ದರು. ಸೈನಿಕರಿಗೆ ಕಿರೀಟವಿಲ್ಲ ಎಂದು ಹೇಳಿ ಹೇಳಿ ಗೌರೀಶ ಸೋತಿದ್ದ. ರೋಹನನ ಅಂಗಡಿಯ ತಿರುಗುವ ಖುರ್ಚಿ ಅವನ ಕಣ್ಣ ಮುಂದೆ ಒಂದು ಸುತ್ತು ತಿರುಗಿತು.

ಅದೇ ಹೊತ್ತಿಗೆ ಪೂರ್ಣಿಮಾ ಬಂದಳು. ಬಿಸಿಲಿಗೆ ಕೆಂಪಾಗಿ, ಕೈಯಲ್ಲಿ ಬುತ್ತಿಯ ಚೀಲ ಹಿಡಿದು ಸ್ಟೇಜಿನ ಹಿಂದೆ ಇಣುಕಿದಳು. ಅಲ್ಲಿ ಎತ್ತರದ ಹೆಂಗಸೊಬ್ಬಳು ಗಾಬರಿಯಾಗಿ ನಿಂತಿದ್ದಳು.

“ಅಕ್ಕಾರ, ನಮ್ಮ ಮನಿಯವ್ರು ಎಲ್ಲದಾರ್ರಿ? ಡೈರೆಕ್ಟರು?”

ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಮೀಸಿ ಅದಾವ ನೋಡ್ರಿ, ದಪ್ಪನ್ನವು. ಅವ್ರು.”

“ಪೂರ್ಣಿಮಾ,” ಎಂದಿತು ಆ ಹೆಂಗಸು, ಗಂಡು ದನಿಯಲ್ಲಿ. “ನಾನ.”

ಪೂರ್ಣಿಮಾಳ ಕೈಯಿಂದ ಬುತ್ತಿ ಜಾರುವುದರಲ್ಲಿತ್ತು. ಅವಳು ಬಹಳ ಹೊತ್ತು ನೋಡಿದಳು. ಮೀಸೆಯಿಲ್ಲದ ಈ ಮುಖವನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ. ಪೆಟ್ಟು ತಿನ್ನಲು ಕೈ ಚಾಚಿ ನಿಂತ ಎರಡನೇ ತರಗತಿಯ ಹುಡುಗನ ಮುಖ ಅದು. ಬೈಯಬೇಕೆಂದುಕೊಂಡಳು, ಬೈಗುಳ ಬರಲಿಲ್ಲ, ಕನಿಕರ ಬಂತು.

“ನಿರಗಿ ಹಿಂಗ ಹಿಡೀತಾರೇನು? ನಿಂದರ್ರಿ ಸುಮ್ಮನ,” ಎಂದು ಸೀರೆ ಬಿಚ್ಚಿ ಮತ್ತೆ ಉಡಿಸತೊಡಗಿದಳು. ಬೇರೆ ಮುಖದ ಮುಂದೆ ಭರಮಪ್ಪನಿಗೆ ಮಾತು ಹೊರಡದ್ದನ್ನು ಗೌರೀಶ ಹೇಳಿದ. ಅವಳು ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಕೇಳಿಸಿಕೊಂಡಳು.

“ಮತ್ತ ಇವ್ರನ್ನೆಲ್ಲಾ ನೋಡ್ಕೊಳ್ಳವ್ರು?”

“ಯಾರೂ ಇಲ್ಲ.”

ಪೂರ್ಣಿಮಾ ಸೈನಿಕರ ಕಡೆ ತಿರುಗಿ ಎರಡು ಸಲ ಚಪ್ಪಾಳೆ ತಟ್ಟಿದಳು. “ಎಲ್ಲಾರೂ ಲೈನ್ ಆಗ್ರಿ! ಫೋನ್ ಇಲ್ಲೆ ಇಡ್ರಿ! ಕಿರೀಟ ತಗೀರಿ! ಯಾರಿಗೆ ಒಂದಕ್ಕ ಹೋಗೂದೈತಿ ಈಗ ಹೋಗಿ ಬರ್ರಿ, ಆಮ್ಯಾಲೆ ಕೇಳಬಾರ್ದು!”

ಮೂರು ತಿಂಗಳಲ್ಲಿ ಗೌರೀಶನ ಮಾತು ಕೇಳದ ಸೈನ್ಯ ಎತ್ತರದ ಪ್ರಕಾರ ಸಾಲಾಗಿ ನಿಂತಿತು. ಬಾಳಪ್ಪ ಕೈಕಟ್ಟಿಕೊಂಡ. ಪುಸ್ತಕ ಬೇಕೇ ಎಂದು ತಮ್ಮಣ್ಣ ಕೇಳಿದ್ದಕ್ಕೆ ಅವಳು, “ಬ್ಯಾಡ. ಇವ್ರು ಮಲಗಿದಾಗೂ ಗಂಡಸರ ಪಾರ್ಟೆಲ್ಲಾ ಬಡಬಡಸ್ತಾರ, ನನಗ ಬಾಯಾಗೈತಿ,” ಎಂದಳು.

ಮಧುಕರರಾಯರು ಬಂದದ್ದು ನಾಂದಿ ಮುಗಿದ ಮೇಲೆ. ಬಿಳಿ ಶರ್ಟು, ಬಿಳಿ ಕೂದಲು, ಕೈಯಲ್ಲಿ ಛತ್ರಿ. ಮುಂದಿನ ಸಾಲಿನಲ್ಲೆಲ್ಲ ಬಿಸಿಲು ಸುರಿಯುತ್ತಿದ್ದರಿಂದ ಊರವರು ಅವರ ಕುರ್ಚಿಯನ್ನು ಸ್ಟೇಜಿನ ಪಕ್ಕದ ನೆರಳಿಗೆ ಹಾಕಿದರು. ಅಲ್ಲಿಂದ ಸ್ಟೇಜಿನಷ್ಟೇ ಪರದೆಯ ಮರೆಯೂ ಕಾಣುತ್ತಿತ್ತು. ಆ ವಿಚಾರ ಯಾರ ತಲೆಗೂ ಹೊಳೆಯಲಿಲ್ಲ.

ಗೌರೀಶ ಸ್ಟೇಜಿಗೆ ಬಂದ ಕೂಡಲೇ ಜನರಲ್ಲಿ ಒಂದಷ್ಟು ಕಿಸಿಕಿಸಿ ಎದ್ದಿತು. “ಏ, ಮಾಸ್ತರ!” ಎಂದಿತು ಒಂದು ದನಿ. ಭರಮಪ್ಪನ ಹೆಂಡತಿ ಗೌರವ್ವ ಮುಂದೆ ಚಾಪೆಯ ಮೇಲೆ ಕೂತಿದ್ದವಳು ಹಿಂತಿರುಗಿ, “ಯಾರ್ರಲೇ ನಗಾವ್ರು? ನನ್ನ ಗಂಡನ ಹೆಂಡ್ತಿ ಅಕೀ!” ಎಂದು ಗದರಿದಳು. ಪರನಟಿಯ ಬದಲು ಮಾಸ್ತರ ಬಂದದ್ದು ಅವಳಿಗೆ ಬಲು ಸಮಾಧಾನ ತಂದಿತ್ತು. ನಗು ಅಡಗಿತು.

ಮಧ್ಯಂತರದ ಹೊತ್ತಿಗೆ ನಾಟಕ ಹಿಡಿತಕ್ಕೆ ಬಂದಿತ್ತು. ಪರದೆಯ ಮರೆಯಲ್ಲಿ ಪೂರ್ಣಿಮಾ ಒಬ್ಬನ ಪೇಟ ಸರಿಮಾಡುತ್ತ, ಇನ್ನೊಬ್ಬನನ್ನು ಬೆನ್ನು ಹಿಡಿದು ಸ್ಟೇಜಿಗೆ ದೂಡುತ್ತ, ಮೂರನೆಯವನಿಗೆ ಮರೆತ ಮಾತು ಪಿಸುಗುಡುತ್ತ ಓಡಾಡುತ್ತಿದ್ದಳು. ದುಷ್ಟ ಬಾಳಪ್ಪ ಬೇಕಾದ್ದಕ್ಕಿಂತ ಜಾಸ್ತಿ ಅಟ್ಟಹಾಸ ಮಾಡಿದಾಗ ಅವಳು ತುಟಿಯ ಮೇಲೆ ಬೆರಳಿಟ್ಟಳು. ದುಷ್ಟ ಒಮ್ಮೆಲೇ ವಿನಯದಿಂದ ನಗು ನಿಲ್ಲಿಸಿದ.

ಆಮೇಲೆ ಬಂತು ಕೊನೆಯ ದೃಶ್ಯ. ಗೌಡ ಬಂದು ಹೊಸ್ತಿಲಲ್ಲಿ ನಿಂತ. ಗೌಡನ ಹೆಂಡತಿ ಅವನ ಪಾದಕ್ಕೆ ಬೀಳಲಿಲ್ಲ, ನಾಥಾ ಎನ್ನಲಿಲ್ಲ.

“ಬಂದ್ರೇನ್ರಿ? ಕೈಕಾಲ ತೊಳಕೊಂಡ ಬರ್ರಿ. ರೊಟ್ಟಿ ಕಟಕ್ ಆಗ್ಯಾವು. ಬಿಸೀದ ಮಾಡಿದ್ದೆ ನಾನು. ನಿಮ್ಮ ದಾರಿ ನೋಡಿ ನೋಡಿ ಕಟಕ್ ಆದವು. ಕಟಕ್ ರೊಟ್ಟಿ ಸೇರತೈತಿ ಅಂತ ತಿನ್ನೂದಿಲ್ರಿ ನಾ. ಬಿಸಿ ರೊಟ್ಟಿ ರುಚೀನ ಮರತೀನಿ.”

ಪರದೆಯ ಮರೆಯಲ್ಲಿ ಪೂರ್ಣಿಮಾಳ ಕೈ ನಿಂತಿತು.

“ಊರಾಗಿನ ಮಂದಿಗೆಲ್ಲಾ ನಿಮ್ಮ ಕಡೆ ವ್ಯಾಳ್ಯಾ ಐತಿ. ನನಗಷ್ಟ ಇಲ್ಲ. ನನಗ ಜ್ವರಾ ಬಂದಾಗ ಬಾಜೂ ಮನಿಯಾಕಿ ಗಂಜಿ ಕಾಸಿ ಕೊಟ್ಲು. ನೀವು ಬಂದು, ‘ಗಂಜಿ ಚಲೋ ಆಗೇತಿ’ ಅಂತ ಉಂಡ ಹೋದ್ರಿ. ನಾ ನಕ್ಕೆ. ಯಾಕ ನಕ್ಕೆ ಅಂತ ನೀವು ಕೇಳಲಿಲ್ಲ.”

ಒಂದೊಂದೂ ಅವಳದೇ ಮಾತು. ಯಾವಾಗಲೋ ಬೇಸರದಲ್ಲಿ, ಒಲೆಯ ಕಡೆ ಮುಖ ಮಾಡಿಕೊಂಡು ಅವಳು ಆಡಿದ್ದು. ಅವನು ಹೂಂ ಎಂದು ಮೀಸೆ ತಿದ್ದುತ್ತ ಕೂತಾಗ ಆಡಿದ್ದು. ಗೋಡೆ ಎಂದುಕೊಂಡದ್ದು ಪ್ರತಿಯೊಂದನ್ನೂ ಕೇಳಿಸಿಕೊಂಡು, ಜೋಪಾನವಾಗಿ ಇಟ್ಟುಕೊಂಡಿತ್ತು. ಪೂರ್ಣಿಮಾ ಸೆರಗು ಬಾಯಿಗೆ ಒತ್ತಿಕೊಂಡಳು.

ಗೌರೀಶ ಸಹಜವಾಗಿ ಆ ಕಡೆ ತಿರುಗಿದ. ಅವಳ ಕಣ್ಣು ತುಂಬಿದ್ದನ್ನು ಕಂಡ. ತಾನು ಯಾರ ಮಾತು ಆಡುತ್ತಿದ್ದೇನೆಂದು ಆಗ ಅವನಿಗೂ ಹೊಳೆಯಿತು. ಹೊಳೆದದ್ದೇ ತಡ, ಮುಂದಿನದೆಲ್ಲ ಮರೆತುಹೋಯಿತು. ಬಯಲೆಲ್ಲ ಗಪ್ಪಾಗಿತ್ತು. ಭರಮಪ್ಪ ಕಣ್ಣಲ್ಲಿ ಅಳು ಸಿದ್ಧಮಾಡಿಕೊಂಡು ಕಾಯುತ್ತಿದ್ದ.

ಪರದೆಯ ಮರೆಯಿಂದ ಮೆಲ್ಲನೆ ಒಂದು ದನಿ ಬಂತು. “ಆದ್ರೂ ದಿನಾ ಎರಡ ತಾಟ ಇಡ್ತೀನಿ.”

ಆ ಮಾತು ಪುಸ್ತಕದಲ್ಲಿರಲಿಲ್ಲ. ತಾಲೀಮಿನಲ್ಲೂ ಇರಲಿಲ್ಲ. ಮನೆಯಲ್ಲಿ ಅವಳು ಎಂದೂ ಆಡಿರಲಿಲ್ಲ.

“ಆದ್ರೂ,” ಎಂದ ಗೌರೀಶ. “ಆದ್ರೂ ದಿನಾ ಎರಡ ತಾಟ ಇಡ್ತೀನ್ರಿ.”

ಭರಮಪ್ಪ ಕಟ್ಟೆಯೊಡೆದಂತೆ ಅತ್ತ. ತನ್ನ ಮಾತನ್ನೆಲ್ಲ ಹೇಳಿದ, ಹೇಳಬೇಕಾದ್ದಕ್ಕಿಂತ ಹೆಚ್ಚೇ ಹೇಳಿದ. ಶೇಂಗಾ ತಿನ್ನುತ್ತಿದ್ದ ನೀಲಾ ಪೊಟ್ಟಣ ಬದಿಗಿಟ್ಟು ಮೂಗು ಒರೆಸಿಕೊಂಡಳು. ನಾಟಕದ ನಡುವೆಯೇ ಸ್ಟೇಜು ಹತ್ತಿ ನಟರಿಗೆ ಉಡುಗೊರೆ ಕೊಡುವುದು ನಮ್ಮ ಕಡೆಯ ರೂಢಿ. ಗೌರವ್ವ ತಡೆಯಲಾರದೆ ಎದ್ದು ಬಂದಳು. ಗೌರೀಶನ ಹಣೆಗೆ ಕುಂಕುಮ ಹಚ್ಚಿ, ಖಣ, ಅಕ್ಕಿ, ಕಾಯಿ ಹಾಕಿ ಉಡಿ ತುಂಬಿದಳು. “ಇನ್ನರ ಬಿಸೀದ ಉಣ್ಣ ನನ್ನವ್ವಾ,” ಎಂದು ಗಲ್ಲ ಸವರಿದಳು. ಇಪ್ಪತ್ತು ವರ್ಷಗಳಲ್ಲಿ ಅವನಿಗೆ ಶಾಲು ಬಿಟ್ಟು ಬೇರೆ ಏನಾದರೂ ಸಿಕ್ಕಿದ್ದು ಇದೇ ಮೊದಲು.

ಪರದೆ ಬಿದ್ದ ಮೇಲೆ ಮಧುಕರರಾಯರು ಛತ್ರಿ ಊರುತ್ತ ಒಳಗೆ ಬಂದರು. ಕಣ್ಣು ಕೆಂಪಾಗಿತ್ತು. ಗೌರೀಶ ಉಡಿಯ ಅಕ್ಕಿ ಚೆಲ್ಲದಂತೆ ಹಿಡಿದುಕೊಂಡೇ ಮುಂದೆ ಓಡಿದ.

“ನಮಸ್ಕಾರ್ರಿ. ನಾನ ಗೌರೀಶ. ನಿರ್ದೇಶಕ.”

“ನಿರ್ದೇಶಕ?” ರಾಯರು ನಕ್ಕರು. “ನಾ ಅಲ್ಲೇ ಬಾಜೂಕ ಕೂತಿದ್ದೆನ್ರೀ. ನಾಟಕ ನಡಸಿದವರು ಯಾರು ಅಂತ ನನ್ನ ಕಣ್ಣಲೆ ನೋಡೀನಿ. ಅವರೆಲ್ಲಿದ್ದಾರ?” ಎಂದು ಕತ್ತು ನೀಳ ಮಾಡಿ, ಸೈನಿಕರಿಗೆ ಫೋನು ಹಂಚುತ್ತಿದ್ದ ಪೂರ್ಣಿಮಾಳಿಗೆ ಕೈಮುಗಿದರು. “ವಾ ತಾಯಿ! ಕಡೀ ಸೀನಿನ್ಯಾಗ ನೀವು ಆ ಒಂದು ಮಾತು ಕೊಟ್ರೆಲ್ಲ, ಖರೇ ನಿರ್ದೇಶನ ಅಂದ್ರ ಅದು.”

ಪೂರ್ಣಿಮಾ ಗಾಬರಿಯಾದಳು. “ಅಯ್ಯ, ಇಲ್ರಿ. ಡೈರೆಕ್ಟರು ಇವ್ರ. ಮೂರ ತಿಂಗಳ ಇವ್ರ ಕಲಿಸ್ಯಾರ. ನಾ ಸಾಲಿ ಟೀಚರ್ರಿ.”

ಭರಮಪ್ಪ, ನೀಲಾ, ತಮ್ಮಣ್ಣ ಎಲ್ಲರೂ ಸೇರಿ ನಡೆದದ್ದನ್ನೆಲ್ಲ ಒಟ್ಟಿಗೇ ಹೇಳಿದರು. ರಾಯರು ಶಾಂತವಾಗಿ ಕೇಳಿ, ಗೌರೀಶನ ಹೆಗಲ ಮೇಲೆ ಕೈಯಿಟ್ಟರು.

“ಗೌರೀಶ, ನಿಮ್ಮನ್ನ ನಾ ಬಿಡೂದಿಲ್ಲ. ನಮ್ಮ ನಾಟಕ ಹಳೇ ಕಂಪನಿ ಪದ್ಧತೀದು. ಅದರಾಗ ಹೆಣ್ಣಿನ ಪಾರ್ಟ್ ಗಂಡಸರೇ ಮಾಡಬೇಕು. ನಾಯಕೀನ ಸಿಕ್ಕಿರಲಿಲ್ಲ ನಮಗ. ಈಗಿನ ಹುಡುಗರಿಗೆ ಸೀರಿ ಉಡಿಸಿದ್ರ ಬರೇ ಸೊಂಟ ತಿರುವತಾರ. ನೀವು ಸುಮ್ಮನ ನಿಂತು ರೊಟ್ಟಿ ಮಾತಾಡಿದ್ರಿ, ನಾ ಅತ್ತೆ. ಪೋಸ್ಟರ್ ಮ್ಯಾಲ ದೊಡ್ಡ ಅಕ್ಷರದಾಗ ನಿಮ್ಮ ಹೆಸರು: ನಾಯಕಿ, ಗೌರೀಶ.”

“ನಿರ್ದೇಶನ?” ಎಂದ 'ನಾಯಕಿ' ಸಣ್ಣ ದನಿಯಲ್ಲಿ.

“ಅದಕ್ಕ ಈ ಟೀಚರ್ ಬಾಯಿಯವರು ಅದಾರಲ್ಲ.”

ಪೂರ್ಣಿಮಾ ಈಗ ಕೈ ಅಲ್ಲಾಡಿಸಿ ಆಗುವುದಿಲ್ಲ ಎನ್ನುತ್ತಾಳೆಂದು ಗೌರೀಶ ಕಾದ. ಅವಳು ಸ್ವಲ್ಪ ಯೋಚಿಸಿ ಕೇಳಿದಳು, “ತಾಲೀಮು ಎಲ್ಲಿರತೈತ್ರಿ?”

“ಬೆಳಗಾವ್ಯಾಗ. ದಿನಾ ಸಂಜೀಕ.”

“ಹಂಗಾರ ಇವ್ರು ದಿನಾ ಸಂಜೀಕ ನನ್ನ ಕಣ್ಣ ಮುಂದ ಇರ್ತಾರ?”

“ನಾಯಕಿ ನಿರ್ದೇಶಕರನ್ನ ಬಿಟ್ಟು ಎಲ್ಲಿ ಹೋಗ್ತಾಳ್ರೀ?”

“ಹಂಗಾರ ಒಪ್ಪಿದೆ,” ಎಂದಳು ಪೂರ್ಣಿಮಾ. ರಾಯರು ಚೀಲದಿಂದ ಒಂದು ಶಾಲು ತೆಗೆದರು. ಗೌರೀಶ ಅಭ್ಯಾಸಬಲದಿಂದ ಕತ್ತು ಬಗ್ಗಿಸಿದ. ಶಾಲು ಪೂರ್ಣಿಮಾಳ ಹೆಗಲಿಗೆ ಹೋಯಿತು.

ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಇಬ್ಬರೂ ಅಂಟಿಕೊಂಡು ಕೂತರು, ಸೀಟು ಚಿಕ್ಕದಿತ್ತು. ಹೊರಗೆ ಹಸಿರು ಗದ್ದೆಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ಗೌರೀಶ ಇಲ್ಲದ ಮೀಸೆಯನ್ನು ಆಗಾಗ ಸವರಿಕೊಳ್ಳುತ್ತಿದ್ದ.

“ಖರೇ ಏನು, ದಿನಾ ಎರಡ ತಾಟ ಇಡ್ತಿದ್ದಿ?” ಎಂದ ಕೊನೆಗೆ.

“ಇಡ್ತಿದ್ದೆ. ನೀವು ಬರೂದ್ರಾಗ ಒಂದು ಎತ್ತಿಟ್ಟಿರ್ತಿದ್ದೆ.” ಅವಳು ಕಿಟಕಿಯಾಚೆ ನೋಡಿದಳು. “ನೀವು ಎಲ್ಲಾ ಕೇಳಿಸ್ಕೊಂಡು ಸುಮ್ಮನಿದ್ರಿ.”

“ನಾ ಗ್ವಾಡಿ ಅಲ್ಲ ಪೂರ್ಣಿಮಾ.”

“ಮೀಸಿ ಹೋದ ಮ್ಯಾಲೆ ಗೊತ್ತಾತು,” ಎಂದು ಅವಳು ಅವನ ತೋಳಿಗೆ ತಲೆಯಾನಿಸಿದಳು. ಬಸ್ಸಿನವರು ಯಾರಾದರೂ ನೋಡುತ್ತಾರೆಂಬ ಸಂಕೋಚವೂ ಆಗ ಅವಳಿಗಿರಲಿಲ್ಲ. ಗೌರೀಶನಿಗೆ ನಿರ್ದೇಶನ ಹೋದ ದುಃಖ ಹಗುರಾಯಿತು. ಹೇಗೂ ಒಂದು ಲಾಭವಂತೂ ಆಗಿತ್ತು.

“ಹಂಗಾರ ಅಂಗಡಿ ಮಾತು ಮುಗೀತಲ್ಲ? ನಾಳೆ ರೋಹನಗ ಹೇಳಿಬಿಡ್ತೀನಿ.”

“ಯಾಕ?” ಪೂರ್ಣಿಮಾ ತಲೆಯೆತ್ತದೆಯೇ ಅಂದಳು. “ತಾಲೀಮು ಸಂಜೀಕ. ಹಗಲೆಲ್ಲಾ ಖಾಲೀನ ಇರ್ತೀರಲ್ಲ. ಮತ್ತ ಮೀಸಿ ಬೆಳಸಬ್ಯಾಡ್ರಿ. ಡೈರೆಕ್ಟರ್ ಹೇಳಾಕ್ಹತ್ತಾರ.”

ಖಾಸಬಾಗದ ಮನೆಯಲ್ಲಿ ದೀಪ ಹೊತ್ತುವ ಸಮಯ. ಬೀಗ ತೆಗೆಯುತ್ತಿದ್ದ ಗೌರೀಶನನ್ನು ಕುಂದಾಬಾಯಿ ಕಿಟಕಿಯಿಂದ ನೋಡಿ, “ಪೂರ್ಣಿಮಾತಾಯಿ, ಯಾರ್ರೀ ಇವರು, ನಿಮ್ಮ ತಮ್ಮ ಏನು?” ಎಂದು ಕೇಳಿದರು. ಇಬ್ಬರೂ ನಗುತ್ತ ಒಳಗೆ ಹೋದರು. ಪೂರ್ಣಿಮಾ ಸೀದಾ ಒಲೆ ಹೊತ್ತಿಸಿ ರೊಟ್ಟಿ ಬಡಿದಳು. ಎರಡು ತಾಟು ಇಟ್ಟಳು. ಉಬ್ಬಿದ ರೊಟ್ಟಿಯಿಂದ ಹಬೆ ಏಳುತ್ತಿತ್ತು, ಪಕ್ಕದಲ್ಲಿ ಎಣ್ಣೆಗಾಯಿ, ಬೆಣ್ಣೆ. ಇಬ್ಬರೂ ಎದುರುಬದುರು ಕೂತರು. ಗೌರೀಶ ಸಂತೋಷದಿಂದ ರೊಟ್ಟಿಗೆ ಕೈ ಹಾಕಿದ.

“ತಡೀರಿ,” ಎಂದಳು ಪೂರ್ಣಿಮಾ. “ಆ ಜ್ವರದ ಮಾತು ಐತಲ್ಲ, ಅಲ್ಲೆ ನೀವು ಅವಸರ ಮಾಡಿದ್ರಿ. ನಾ ಅಂದಾಗ ಹಂಗ ಅಂದಿರಲಿಲ್ಲ. ಇನ್ನೊಮ್ಮೆ ಹೇಳ್ರಿ.”

ಗೌರೀಶ ಹೇಳಿದ.

“ಸಾವಕಾಶ. ನಕ್ಕೆ ಅಂದ ಮ್ಯಾಲೆ ಸ್ವಲ್ಪ ನಿಂದರ್ಬೇಕು. ಇನ್ನೊಮ್ಮೆ.”

ಗೌರೀಶ ಮತ್ತೆ ಹೇಳಿದ. ಎದ್ದು ನಿಂತು ಹೇಳಿದ, ಒಲೆಯ ಕಡೆ ತಿರುಗಿ ಹೇಳಿದ, ಸೆರಗಿಗೆ ಬದಲು ಟವೆಲು ಹೊದ್ದು ಹೇಳಿದ. ಅವಳು ಗಲ್ಲಕ್ಕೆ ಕೈಯಿಟ್ಟು, ಕಣ್ಣರಳಿಸಿ ಕೇಳುತ್ತಿದ್ದಳು. ಕೊನೆಗೆ ಅವಳ ಮುಖದಲ್ಲಿ ಸಮಾಧಾನ ಕಂಡಿತು.

“ಈಗ ಬಂತು ನೋಡ್ರಿ. ಉಣ್ಣೂಣು ಬರ್ರಿ.”

ಗೌರೀಶ ಕೂತು ರೊಟ್ಟಿ ಮುರಿದ. ಅದು ಕಟಕ್ ಆಗಿತ್ತು.